ಅಲ್ಲವ್ವನ ಜೀಪಿನ ತಳ

ಮೂಡಲಗಿಯ ಬಾಳೇಶ ಕಟ್ಟಿಕೊಟ್ಟ ಕಬ್ಬಿನ ಟ್ರಾಲಿ ಮುರಿಯಿತು ಎಂಬ ಮಾತನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ದಪ್ಪ ಪ್ಲೇಟು, ದಪ್ಪ ಆ್ಯಂಗಲ್, ಅದರ ಮೇಲೆ ಹುರಿಗೊಳಿಸಿದ ಹಗ್ಗದಂತೆ ಕೂತ ವೆಲ್ಡಿಂಗ್. ಹಾಗಾಗಿ ಕುಲಗೋಡದಲ್ಲಿರುವ ಅಕ್ಕ ಅಲ್ಲವ್ವ ತನ್ನ ಹಳೆಯ ಜೀಪನ್ನು ತಾನೇ ಓಡಿಸಿಕೊಂಡು ಬಂದು ಅಂಗಡಿಯ ಮುಂದೆ ನಿಲ್ಲಿಸಿದಾಗ ಅವನು ಬಗ್ಗಿಯೂ ನೋಡಲಿಲ್ಲ.

"ಕಾಲಿಟ್ಟಲ್ಲೆ ರಸ್ತೆ ಕಾಣತೈತಿ, ತಮ್ಮಾ. ಗೋಕಾಕದಾಗ ತೋರಿಸಿದೆ. ಪೂರಾ ಜಂಗು ತಿಂದೈತಿ, ಗುಜರಿಗೆ ಹಾಕ್ರಿ ಅಂದ್ರು," ಎಂದಳು ಅಲ್ಲವ್ವ.

"ಅವ್ರಿಗೆ ಬರೂದಿಲ್ಲ ಬಿಡು. ನಾಳೆ ಸಂಜೀಗೆ ಬಂದು ಒಯ್ಯಿ."

ಮಳೆಗಾಲದ ಎರೆಮಣ್ಣಿನಲ್ಲಿ ಟ್ರ್ಯಾಕ್ಟರುಗಳೇ ಹೂತು ನಿಂತಾಗಲೂ ಹೊಲದಿಂದ ಮೇವು, ಬದನೆಕಾಯಿ ಹೊತ್ತು ತರುತ್ತಿದ್ದ ಜೀಪು ಅದು. ಆ ಕೆಸರೇ ಚಾಪೆಯ ಕೆಳಗೆ ಕೂತು, ತುಕ್ಕು ಹಿಡಿಸಿ ತಗಡನ್ನು ತಿಂದುಹಾಕಿತ್ತು. ಬಾಳೇಶ ವೆಲ್ಡಿಂಗ್ ಕಡ್ಡಿ ತಾಗಿಸಿದ್ದೇ ತಡ, ತಗಡು ಕರಗಿ ತೂತಾಯಿತು. ಅದನ್ನು ಮುಚ್ಚಲು ಹೋದರೆ ಪಕ್ಕದಲ್ಲಿ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಬೆರಳು ತೂರುತ್ತಿದ್ದಲ್ಲಿ ಮುಷ್ಟಿ ತೂರುವಂತಾಗಿತ್ತು.

ಬುತ್ತಿ ತಂದ ಹೆಂಡತಿ ಶೋಭಾ ಇಣುಕಿ ನೋಡಿದಳು. "ಏನ್ರಿ ಇದು, ಜೀಪ್ ತಂದು ಜರಡಿ ಮಾಡೀರಿ?"

ಬಾಳೇಶನಿಗೆ ಮೈ ಉರಿಯಿತು. ಟ್ರಾಲಿಗೆಂದು ತಂದ ಪ್ಲೇಟನ್ನೇ ಕತ್ತರಿಸಿ, ಕೊಳೆತ ತಗಡಿನ ಮೇಲೆ ಹಾಸಿ, ಸುತ್ತಲೂ ಬೆಸೆದುಬಿಟ್ಟ.

ಮರುದಿನ ಸಂಜೆ ಅಲ್ಲವ್ವ ಬಂದು ಒಂದು ಸುತ್ತು ಓಡಿಸಿ ಇಳಿದಳು. "ಇದು ಜೀಪ್ ಉಳಿದಿಲ್ಲೋ, ಟ್ರಾಲಿ ಆಗೇತಿ. ಬಾಗಿಲಾ ಹಾಕಾಕ ಬರವಲ್ದು. ಕೊಳತದ್ದು ಕೆಳಗ ಹಂಗ ಐತಿ, ನೀ ಮ್ಯಾಲ ಮುಚ್ಚೀಯಷ್ಟ."

ಖರೆ ಮಾತು. ಬಾಳೇಶ ಬಗ್ಗಿ ತಾನು ಹಾಕಿದ ಪ್ಲೇಟಿನ ಅಂಚು ಮುಟ್ಟಿ ನೋಡಿದ.

"ಬರೂದಿಲ್ಲ ಅಂದ್ರ ಬರೂದಿಲ್ಲ ಅನ್ನು, ಒಯ್ತೀನಿ. ಕಲತ ಮಾಡ್ತೀನಿ ಅಂದ್ರ ಇಲ್ಲೇ ಬಿಟ್ಟ ಹೋಗ್ತೀನಿ."

"ಬಿಟ್ಟ ಹೋಗು," ಎಂದ.

ಮರುದಿನ ಬೆಳಿಗ್ಗೆ ಗೋಕಾಕದ ಬಸ್ಸು ಹತ್ತಿದ. ಅಲ್ಲಿ ಕೇದಾರಿ ಎಂಬ ಹಿರಿಯನೊಬ್ಬ ತಗಡಿನ ಟ್ರಂಕು ಮಾಡುತ್ತಿದ್ದ. ಸ್ವಂತ ಅಂಗಡಿ ಹಾಕಿದ ಮೇಲೆ ಬಾಳೇಶ ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ. ಟ್ರಂಕುಗಳ ಮುಚ್ಚಳ ತೆಗೆಯುತ್ತ, ಹಾಕುತ್ತ ನಿಂತ.

"ಟ್ರಂಕು ಬೇಕೇನೋ ತಮ್ಮಾ?"

"ಇಲ್ಲ ಕಾಕಾ." ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟ. "ತಗಡು ಮಡಚೂದು ಕಲಿಯಾಕ ಬಂದೇನಿ."

ಕೇದಾರಿ ಪಕ್ಕಕ್ಕೆ ಸರಿದು ಜಾಗ ಕೊಟ್ಟ, ಕೈಗೊಂದು ಮರದ ಕೊಡತಿ ಕೊಟ್ಟ. ಬಾಳೇಶನ ಮೊದಲ ಏಟಿಗೇ ತಗಡು ಸೊಟ್ಟಗಾಯಿತು. "ಹಂಗ ಬಡಿಬ್ಯಾಡೋ, ಟ್ರಾಲಿ ಅಲ್ಲ ಇದು. ಗೆರಿ ಹಿಡಕೊಂಡು ಸಣ್ಣಗ ತಾಗಿಸ್ಕೋತ ಹೋಗು." ಅಂಚು ಹೇಗೆ ಮಡಚಬೇಕು, ತೆಳು ತಗಡಿಗೆ ಬಲ ಬರಲು ಉಬ್ಬುಗೆರೆಯಂಥ ಏಣು ಹೇಗೆ ಎಬ್ಬಿಸಬೇಕು ಎಂದು ಹಿರಿಯ ತೋರಿಸುತ್ತ ಹೋದ. ಬಾಳೇಶ ದಿನವೂ ಹೋಗಿ ಕೂತ. ಕೆಡಿಸಿದ ತಗಡಿನ ಚೂರುಗಳನ್ನು ಮೂಡಲಗಿಗೆ ತಂದು, ವೆಲ್ಡಿಂಗಿನ ಕರೆಂಟು ಇಳಿಸಿ, ಸಣ್ಣ ಕಡ್ಡಿ ಹಿಡಿದು ಬೆಸೆದು ನೋಡಿದ. ಒಂದೇ ಕಡೆ ಬೆಸುಗೆ ಎಳೆದರೆ ತೂತು. ಇಲ್ಲೊಂದು ಚುಕ್ಕಿ, ಆ ತುದಿಗೊಂದು ಚುಕ್ಕಿ, ಆರಿದ ಮೇಲೆ ನಡುವೆ ಇನ್ನೊಂದು ಇಟ್ಟರೆ ತಗಡು ನಿಲ್ಲುತ್ತಿತ್ತು. ಇದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಹತ್ತಾರು ಚೂರು ಸುಟ್ಟು ತಾನೇ ಕಂಡುಕೊಂಡ.

ಆಮೇಲೆ ಜೀಪಿಗೆ ಕೈ ಹಚ್ಚಿದ. ತಾನೇ ಹಾಕಿದ ಪ್ಲೇಟನ್ನು ಕಿತ್ತೆಸೆದ. ಬೆಳ್ಳಗೆ ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕೊಳೆತದ್ದನ್ನೆಲ್ಲ ಕತ್ತರಿಸಿದ. ಸಿಮೆಂಟ್ ಚೀಲದ ಕಾಗದದಲ್ಲಿ ಅಳತೆ ತೆಗೆದು, ಹೊಸ ತಗಡಿಗೆ ಮೊದಲಿದ್ದಂತೆಯೇ ಏಣು ಎಬ್ಬಿಸಿ ಕೂರಿಸಿದ. ತಳವಾದ ಮೇಲೆ ಬಾಗಿಲ ಕೆಳಗಿನ ಪಟ್ಟಿ, ಅದಾದ ಮೇಲೆ ಚಕ್ರದ ಹಿಂದಿನ ಮಗ್ಗುಲು. ಗ್ರೈಂಡರ್ ಹಿಡಿದು ನಯ ಮಾಡಿ, ಕೆಂಪು ಪ್ರೈಮರ್ ಬಳಿದು, ತಳಕ್ಕೆ ಕರಿ ಬಣ್ಣ ಹೊಡೆದ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಅವನಿಗೇ ತಿಳಿಯಲಿಲ್ಲ.

ಅಲ್ಲವ್ವ ಬಂದವಳೇ ನೆಲಕ್ಕೆ ಗೋಣಿಚೀಲ ಹಾಸಿ, ಸೆರಗು ಕಟ್ಟಿ, ಜೀಪಿನ ಕೆಳಗೆ ತೂರಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಎದ್ದು ಬಂದವಳು ಮಣ್ಣು ಝಾಡಿಸಿಕೊಂಡು, "ಹತ್ತು," ಎಂದಳಷ್ಟೆ.

ಮಳೆಗೆ ಕುಲಗೋಡದ ದಾರಿಯ ಹಳ್ಳ ಹರಿಯುತ್ತಿತ್ತು. ಅವಳು ನಿಲ್ಲಿಸದೆ ನೀರಿಗಿಳಿಸಿದಳು. ಕೆಸರು ನೀರು ಎರಡೂ ಮಗ್ಗುಲಿಗೆ ಸಿಡಿಯಿತು. ದಡ ಹತ್ತಿದ ಮೇಲೆ ಅವಳು ಚಪ್ಪಲಿ ಕಳಚಿ ಬರಿಗಾಲಿನಿಂದ ತಳ ಒರಸಿದಳು.

"ಒಣಗೈತಿ, ಹನಿ ನೀರೂ ಬಂದಿಲ್ಲ," ಎಂದು ತಮ್ಮನ ಬೆನ್ನಿಗೊಂದು ಗುದ್ದಿದಳು.

ವಾರದ ಬಳಿಕ ಘಟಪ್ರಭಾದ ಸಂತೆಯಲ್ಲಿ ಬದನೆಕಾಯಿ ಇಳಿಸಿದವಳು ಕಂಡಕಂಡವರಿಗೆಲ್ಲ ಚಾಪೆ ಎತ್ತಿ ತೋರಿಸತೊಡಗಿದಳು. "ನಮ್ಮ ತಮ್ಮ ಮಾಡ್ಯಾನ್ರಿ, ನೋಡ್ರಿ!"

ಘೋಡಗೇರಿಯ ರೈತನೊಬ್ಬ ಬಗ್ಗಿ ನೋಡಿದ. "ಯಾರು, ಟ್ರಾಲಿ ಬಾಳೇಶನಾ? ಇಷ್ಟು ನಾಜೂಕ ಕೆಲಸಾನೂ ಬರತೈತೇನ್ರಿ ಅವಂಗ?"

ಅಕ್ಕನ ಜೊತೆಗೆ ಬಂದಿದ್ದ ಬಾಳೇಶ ಮುಂದೆ ಬಂದ. "ಬೆಸದದ್ದು ನಂದ್ರಿ," ಎಂದ, ಸುತ್ತಲಿನವರಿಗೂ ಕೇಳುವಂತೆ. "ತಗಡು ಮಡಚೂದು ಕಲಿಸಿದವ್ರು ಗೋಕಾಕದ ಕೇದಾರಿ ಕಾಕಾ."

ರೈತ ಬೆರಳಾಡಿಸಿ ಬೆಸುಗೆ ಹುಡುಕಿದ, ಸಿಗಲಿಲ್ಲ. ಬಾಳೇಶ ತಾನೂ ಮೊಣಕಾಲೂರಿ, ಆತನ ಕೈ ಹಿಡಿದು, ಅಳತೆಯ ನೆನಪಿನಿಂದ ಬೆಸುಗೆ ಕೂತ ಜಾಗ ತೋರಿಸಿದ.