ಪಕ್ಕದ ಸೀಟಿಗೊಂದು ಮೀಟರು

ತಲೆ ಪೆಡಲುಗಳ ಹತ್ತಿರ, ಕಾಲು ಕಾರಿನ ಬಾಗಿಲಿನಿಂದ ಹೊರಗೆ. ಹಾಗೆ ಅಂಗಾತ ಮಲಗಿಕೊಂಡೇ ಅವಳು ಎಂಜಿನ್ ಕಡೆಯಿಂದ ಹಸಿರು ವೈರನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ನಡುವಿನ ತಗಡಿನಲ್ಲಿ ಒಂದು ರಬ್ಬರ್ ಬಿಲ್ಲೆ. ಅದಕ್ಕೆ ಸಣ್ಣ ತೂತು ಮಾಡಿ, ಗಟ್ಟಿ ತಂತಿಯ ತುದಿಗೆ ವೈರು ಸುತ್ತಿ ತೂರಿಸಿದ್ದಳು. ತಂತಿ ಬಂದಿತ್ತು, ವೈರು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತ್ತು.

"ಇನ್ನೂ ಬರ್ಲಿಲ್ವಾ?" ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದ ಗಂಡ ಕೇಳಿದ.

"ಬಂದ್ರೆ ಹೇಳ್ತೀನಿ."

"ನಮ್ಮಪ್ಪಂದು ಕಾರ್ ವೈರಿಂಗ್ ಅಂಗಡಿ ಅಂತ ಜಂಬ ಕೊಚ್ಕೋತೀಯ. ಒಂದು ವೈರ್ ಎಳಿಯೋಕೆ ಮಧ್ಯಾಹ್ನ ಆಯ್ತು."

"ನಮ್ಮಪ್ಪ ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ಯಾರೂ ಕಾಮೆಂಟ್ರಿ ಹೇಳ್ತಿರ್ಲಿಲ್ಲ ರೀ."

ಮೆಟ್ಟಿಲ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದ ಅತ್ತೆ, "ಮೊದ್ಲು ಇವಳ ಬಾಯಿಗೊಂದು ಮೀಟರ್ ಹಾಕ್ಸೋ," ಎಂದರು. ಅವರ ತುಟಿಗೆ ಹಾಕಿದ ಹೊಲಿಗೆ ಎಳೆದಂತಾಗಿ ನಗು ಅಲ್ಲಿಗೇ ನಿಂತಿತು.

ಆ ಹೊಲಿಗೆಯನ್ನು ಇವತ್ತು ಸಂಜೆ ಆಸ್ಪತ್ರೆಗೆ ಹೋಗಿ ಬಿಚ್ಚಿಸಬೇಕಿತ್ತು. ಅಷ್ಟರೊಳಗೆ ಮೀಟರು ಕೂತಿರಬೇಕು ಎಂಬುದು ಗಂಡನ ಅಪ್ಪಣೆ.

ಕಾರು ಅವರ ಡ್ರೈವಿಂಗ್ ಸ್ಕೂಲಿನದು. ಅಂಥ ಕಾರುಗಳಲ್ಲಿ ಇರುವಂತೆ ಇದರಲ್ಲೂ ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಅರ್ಧ ಊರಿಗೆ ಗಾಡಿ ಕಲಿಸಿದ ಗಂಡನನ್ನು ಜನ ಇಂದಿಗೂ ಮಾಸ್ತರು ಎಂದೇ ಕರೆಯುತ್ತಾರೆ. ಅವಳೂ ಅವನ ಹತ್ತಿರವೇ ಕಲಿತವಳು. ಅವನಿಗೆ ಫಿಟ್ಸ್ ಶುರುವಾಗಿ, ಇನ್ನು ಸ್ಟೇರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಕಲಿಸುವ ಕೆಲಸ ಅವಳ ಹೆಗಲಿಗೆ ಬಂತು. ಹಗಲಲ್ಲಿ ಕಲಿಯುವವರು ಓಡಿಸುತ್ತಾರೆ, ಅವಳು ಪಕ್ಕದಲ್ಲಿ ಕೂತು ಪೆಡಲಿನ ಮೇಲೆ ಕಾಲಿಟ್ಟುಕೊಂಡಿರುತ್ತಾಳೆ. ಅವನು ಆಫೀಸಿನಲ್ಲಿ ರಸ್ತೆ ಚಿಹ್ನೆಗಳ ಚಾರ್ಟಿನ ಕೆಳಗೆ ಕೂತು ಫೋನು ಎತ್ತುತ್ತಾನೆ. ಸಂಜೆ ಮನೆಗೆ ಬರುವಾಗ ಅವಳು ಓಡಿಸುತ್ತಾಳೆ, ಪೆಡಲಿರುವ ಸೀಟಿಗೆ ಅವನು ಬರುತ್ತಾನೆ. ದಿನವೆಲ್ಲ ಬಾಯಿ ಮುಚ್ಚಿಕೊಂಡಿದ್ದವನ ಮಾಸ್ತರಿಕೆ ಶುರುವಾಗುವುದು ಆಗ. ಗೇರು, ಇಂಡಿಕೇಟರು, ಕನ್ನಡಿ ನೋಡು, ಕತ್ತೆ. ಮಾತು ಸಾಲದಿದ್ದರೆ ಕಾಲು. ತಿರುವಿನಲ್ಲಿ ಬ್ರೇಕು ತಾನಾಗಿಯೇ ಕೆಳಗಿಳಿದಾಗ ತನ್ನ ಪಾದದಡಿಯ ನೆಲವನ್ನು ಯಾರೋ ಎಳೆದುಕೊಂಡಂತಾಗುತ್ತಿತ್ತು ಅವಳಿಗೆ.

ಹೋದ ವಾರ ದೊಡ್ಡ ಸರ್ಕಲ್ಲಿನಲ್ಲಿ ಕಾರು ನಟ್ಟನಡುವೆ ಗಕ್ಕನೆ ನಿಂತುಬಿಟ್ಟಿತು. ಗಂಡನ ಹಿಂದೆ ಕೂತಿದ್ದ ಅತ್ತೆಯ ಬಾಯಿ ಮುಂದಿನ ಸೀಟಿಗೆ ಬಡಿಯಿತು. ಪಕ್ಕದಿಂದ ಬರುತ್ತಿದ್ದ ಮರಳಿನ ಲಾರಿ ಹಾರ್ನ್ ಹೊಡೆಯುತ್ತ, ಟೈರು ಕಿರುಚಿಸುತ್ತ ಬಾಗಿಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅವಳು ತಿರುಗಿ ನೋಡಿದಾಗ ಗಂಡನ ಕಾಲು ಬ್ರೇಕಿನ ಮೇಲೆ ಗಳುವಿನಂತೆ ನೆಟ್ಟಗಾಗಿತ್ತು. ದವಡೆ ಕಚ್ಚಿಕೊಂಡಿತ್ತು. ಬೆರಳುಗಳು ಮಡಚಿಕೊಂಡು ಎದೆಗೆ ಬಂದಿದ್ದವು. ಹಿಂದಿನಿಂದ ಅತ್ತೆ ಬಾಯಲ್ಲಿ ರಕ್ತ ಸುರಿಸುತ್ತ, "ಮಗಾ, ಮಗಾ," ಎಂದು ಅವನ ಭುಜ ಅಲುಗಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವನ ಕಾಲು ಸಡಿಲಾಯಿತು, ಕಣ್ಣು ತಿಳಿಯಾಯಿತು.

"ಇಲ್ಯಾಕೆ ನಿಲ್ಲಿಸ್ದೆ?" ಎಂದು ಕೇಳಿದ.

ಮನೆಗೆ ಬಂದ ಮೇಲೆ, ಮೆಲ್ಲಗೆ ಓಡುವ ಗಾಡಿಯನ್ನು ಮೇಲಿನ ಗೇರಿನಲ್ಲಿಟ್ಟು ಎಂಜಿನ್ ಆಫ್ ಮಾಡಿಬಿಟ್ಟಳು ಎಂದು ತೀರ್ಪು ಕೊಟ್ಟ. "ನನ್ನ ಕಾಲು ಪೆಡಲ್ ಮೇಲೇ ಇರ್ಲಿಲ್ಲ. ದೇವ್ರಾಣೆ ಇರ್ಲಿಲ್ಲ." ಡಾಕ್ಟರಿಗೆ ಹೇಳೋಣ ಎಂದು ಅವಳು ಅಂದಾಗ ಅವನ ಕೈಯಲ್ಲಿದ್ದ ಲೋಟ ಗೋಡೆಗೆ ಹೋಯಿತು. ನೀವು ಹಿಂದಿನ ಸೀಟಿನಲ್ಲಿ ಕೂತ್ಕೊಳ್ಳಿ ಎಂದಾಗ, "ನನ್ನ ಕಾರಲ್ಲಿ ನಾನು ಹಿಂದೆ ಕೂರೋದಾ? ನನ್ನನ್ನ ಮೂಲೆಗೆ ತಳ್ಳೋಕೆ ಕಾಯ್ತಾ ಇದ್ದೆ ಅಲ್ವಾ ನೀನು?" ಎಂದ. ಮಾರನೇ ದಿನವೇ ಅವನು ಎಂಜಿನ್ನಿನ ಸುತ್ತು ತೋರಿಸುವ ಮೀಟರೊಂದನ್ನು ತಂದು ಊಟದ ಮೇಜಿನ ಮೇಲಿಟ್ಟ. ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಕೂರಿಸಬೇಕು, ಮುಖ ತನ್ನ ಕಡೆ ಇರಬೇಕು. ಮುಳ್ಳು ಕೆಳಗಿಳಿದಾಗ ತಾನು ಹೇಳುವುದು, ಅವಳು ಗೇರು ಇಳಿಸುವುದು. ಕೂರಿಸುವವಳೂ ಅವಳೇ.

ವೈರು ಕೊನೆಗೂ ಬಂತು. ಅವಳು ಎದ್ದು, ಮೈ ಕೊಡವಿ, ಪಕ್ಕದ ಸೀಟಿಗೆ ಹೋಗಿ ಕೂತಳು. ಗಾಳಿ ಬರುವ ಕಿಂಡಿಯ ಕೆಳಗೆ ಮೊದಲೇ ದುಂಡಗೆ ಗೆರೆ ಎಳೆದಿಟ್ಟಿದ್ದಳು. ಡ್ರಿಲ್ಲಿಗೆ ದುಂಡು ಗರಗಸ ಸಿಕ್ಕಿಸಿ ಒತ್ತಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಬಿಲ್ಲೆಯಷ್ಟು ತುಂಡು ಕಳಚಿ ಮಡಿಲಿಗೆ ಬಿತ್ತು.

"ಜೋಪಾನ. ಓರೆ ಆದ್ರೆ ಜನ್ಮ ಪೂರ್ತಿ ಓರೆ," ಗಂಡ ಕುರ್ಚಿಯಿಂದ ಎದ್ದು ಬಂದ.

"ನಿಮ್ಮ ಕಡೆ ಓರೆ ಮಾಡೋಕೇ ತಾನೇ ಇಷ್ಟೆಲ್ಲ?"

ಮೀಟರಿನ ಬೆನ್ನಿಗೆ ಒಂದು ಪುಟ್ಟ ಸ್ವಿಚ್ಚು. ಎಂಜಿನ್ನಿಗೆ ನಾಲ್ಕು ಸಿಲಿಂಡರೋ ಆರೋ ಎಂಟೋ ಎಂದು ಅದಕ್ಕೆ ಹೇಳಬೇಕು. ಅವರದು ನಾಲ್ಕು. ಆರಕ್ಕೋ ಎಂಟಕ್ಕೋ ಇಟ್ಟರೆ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಅವನು ದಾರಿಯುದ್ದಕ್ಕೂ ಗೇರಿಳಿಸು ಗೇರಿಳಿಸು ಎಂದು ಬೊಬ್ಬೆ ಹೊಡೆಯುತ್ತಾನೆ, ಎಂಜಿನ್ ಕಿರುಚಿಕೊಳ್ಳುತ್ತದೆ, ಮಾಸ್ತರರ ಬುದ್ಧಿ ಬೀದಿಗೆಲ್ಲ ಕೇಳುತ್ತದೆ. ಅವಳ ಉಗುರು ಸ್ವಿಚ್ಚಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ನಾಲ್ಕಕ್ಕೇ ಇಟ್ಟಳು. ಸುಳ್ಳು ಹೇಳುವವರು ಈ ಮನೆಯಲ್ಲಿ ಸಾಕಷ್ಟಿದ್ದಾರೆ, ಮುಳ್ಳಾದರೂ ನಿಜ ಹೇಳಲಿ.

"ಎಷ್ಟಕ್ಕಿಟ್ಟೆ? ತೋರ್ಸು."

ತೋರಿಸಿದಳು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, "ನಂಬೋ ಹಾಗಿಲ್ಲ ನಿನ್ನನ್ನ," ಎಂದು ಷರಟು ಹಾಕಿಕೊಳ್ಳಲು ಒಳಗೆ ಹೋದ.

ಶೆಡ್ಡಿನಲ್ಲಿ ಅವಳೂ ಅತ್ತೆಯೂ ಉಳಿದರು.

"ಅತ್ತೆ, ನೀವು ನೋಡಿದ್ರಿ. ಅವರ ಕಾಲು ಎಲ್ಲಿತ್ತು ಅಂತ ನೀವು ನೋಡಿದ್ರಿ."

ಅತ್ತೆ ಟವೆಲ್ಲಿನ ಅಂಚಿಗೆ ಅಂಚು ಕೂಡಿಸಿದರು. "ನಾನು ಕಣ್ಣು ಮುಚ್ಕೊಂಡಿದ್ದೆ."

"ಕಣ್ಣು ಮುಚ್ಕೊಂಡೇ ಮಗಾ ಮಗಾ ಅಂದ್ರಾ?"

"ನೋಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳೋಕಾಗುತ್ತೇನೇ? ಅವನು ನನ್ನ ಹೊಟ್ಟೇಲಿ ಹುಟ್ಟಿದವನು. ಕಾಯಿಲೆ ವಾಸಿಯಾಗಿದೆ ಅಂತ ಅಂದ್ಕೊಂಡಿದಾನೆ, ಅಂದ್ಕೊಂಡಿರ್ಲಿ. ಓಡ್ಸೋಳು ನೀನು, ನೀನು ನೋಡ್ಕೊಂಡು ಓಡ್ಸು."

"ಏನ್ ನೋಡ್ಕೊಳ್ಲಿ? ರಸ್ತೇನಾ, ಅವರ ಕಾಲನ್ನಾ?"

ಅತ್ತೆ ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಹೋಗುವಾಗ ಬೆನ್ನು ತಿರುಗಿಸಿಯೇ, "ಇವತ್ತು ನಾನು ನಿನ್ನ ಹಿಂದೆ ಕೂರ್ತೀನಿ, ಅವನ ಹಿಂದೆ ಬೇಡ," ಎಂದರು.

ಅಲ್ಲಿಗೆ ಅವರ ಸಾಕ್ಷಿ ಮುಗಿಯಿತು. ಅಷ್ಟು ಹೇಳುವ ಮನಸ್ಸಿದ್ದವರು ಅದಕ್ಕಿಂತ ಹೆಚ್ಚು ಇನ್ನೆಂದೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಜೋತು ಬಿದ್ದ ವೈರುಗಳನ್ನು ಕಟ್ಟುವುದು ಬಾಕಿ ಇತ್ತು. ಅವಳು ಮತ್ತೆ ಪೆಡಲುಗಳ ಹತ್ತಿರ ತಲೆಯಿಟ್ಟು ಮಲಗಿದಳು. ಟಾರ್ಚಿನ ಬೆಳಕಿನಲ್ಲಿ, ಪಕ್ಕದ ಸೀಟಿನ ಬ್ರೇಕಿನಿಂದ ಬಂದ ಕೇಬಲ್ಲು ಅವಳ ಬ್ರೇಕಿಗೆ ಸೇರುವ ಜಾಗ ಕಣ್ಣೆದುರೇ ಇತ್ತು. ವರ್ಷಗಳಿಂದ ಅವಳೇ ಎಣ್ಣೆ ಬಿಡುತ್ತ ಬಂದ ಜಾಗ. ಕೇಬಲ್ಲಿನ ತುದಿಯನ್ನು ಪೆಡಲಿನ ಕಣ್ಣಿಗೆ ಹಿಡಿದಿಟ್ಟದ್ದು ಕಿರುಬೆರಳಿಗಿಂತ ಚಿಕ್ಕದಾದ ಒಂದು ಪಿನ್ನು. ಗಾಡಿ ಕಲಿಯುವವರಿಗೆ ಅದು ಬೇಕೇ ಬೇಕು. ನಾಳೆ ಬೆಳಿಗ್ಗೆ ದರ್ಜಿಯಮ್ಮ ಬರುತ್ತಾಳೆ, ಎದುರಿಗೆ ಬಸ್ಸು ಕಂಡರೆ ಸ್ಟೇರಿಂಗ್ ಬಿಟ್ಟು ಕಿವಿ ಮುಚ್ಚಿಕೊಳ್ಳುವವಳು. ಆದರೆ ಈಗ, ಮನೆಯವರ ಸವಾರಿಗೆ, ಅದು ಯಾರಿಗೆ ಬೇಕು?

ಇಕ್ಕಳದಿಂದ ಹಿಡಿದು ಎಳೆದಳು. ಪಿನ್ನು ಸಲೀಸಾಗಿ ಬಂತು. ಸಡಿಲಾದ ಕೇಬಲ್ಲು ತನ್ನ ಪೆಡಲಿಗೆ ಅಡ್ಡ ಬರದಂತೆ ಬದಿಯ ಕೊಕ್ಕೆಗೆ ಸಿಕ್ಕಿಸಿದಳು. ಆ ಕಡೆಯ ಪೆಡಲನ್ನು ಕೈಯಿಂದ ಒತ್ತಿ ನೋಡಿದಳು. ಸ್ಪ್ರಿಂಗಿನ ಮೇಲೆ ಮೆತ್ತಗೆ ಇಳಿದು, ಮೆತ್ತಗೆ ಮೇಲೆ ಬಂತು. ತನ್ನದನ್ನು ಒತ್ತಿದಳು. ಗಟ್ಟಿಯಾಗಿತ್ತು.

ಮೂವರೂ ಕೂತರು. ಅತ್ತೆ ಅವಳ ಹಿಂದೆ. ಚಾವಿ ತಿರುಗಿಸಿದಾಗ ಪಕ್ಕದ ಸೀಟಿನ ಎದುರು ದುಂಡನೆಯ ಮೀಟರಿಗೆ ಬೆಳಕು ಬಂತು, ಮುಳ್ಳು ಎದ್ದು ನಡುಗಿ ನಿಂತಿತು. ಅವಳು ಕೂತಲ್ಲಿಂದ ಅದರ ಅಂಚಷ್ಟೇ ಕಾಣುತ್ತಿತ್ತು.

"ಇನ್ಮೇಲೆ ನೀನು ಸುಳ್ಳು ಹೇಳೋಕಾಗಲ್ಲ," ಗಂಡನ ಮುಖ ಅರಳಿತ್ತು. ಕಾಲು ಆಗಲೇ ತನ್ನ ಜಾಗಕ್ಕೆ ಹೋಗಿತ್ತು.

"ಹೌದು ರೀ, ಯಾರಿಗೂ ಆಗಲ್ಲ."

ಮೊದಲ ತಿರುವಿನಲ್ಲೇ ಅವನಿಗೆ ಗೊತ್ತಾಗುತ್ತದೆ, ಅದು ಅವಳಿಗೆ ಗೊತ್ತಿತ್ತು. ಕಾಲಿನ ಕೆಳಗೆ ಬ್ರೇಕು ಬೆಣ್ಣೆಯಂತೆ ಇಳಿಯುತ್ತದೆ, ಕಾರು ಮಾತ್ರ ಅವಳು ಹೇಳಿದಂತೆ ಹೋಗುತ್ತದೆ. ಆದರೆ ಬ್ರೇಕು ಹಿಡಿಯುತ್ತಿಲ್ಲ ಎನ್ನಬೇಕಾದರೆ ತಾನು ಬ್ರೇಕು ಒತ್ತಿದೆ ಎಂದು ಅವನು ಮೊದಲು ಬಾಯಿಬಿಡಬೇಕು. ಬಿಡಲಿ. ಅವತ್ತೇ ಅವನ ಫಿಟ್ಸಿನ ಡಾಕ್ಟರ ಹತ್ತಿರ ಹೋಗುವುದು. ಅಲ್ಲಿಯವರೆಗೆ ಬೆಳಿಗ್ಗೆ ಪಿನ್ನು ಹಾಕುವುದು, ಸಂಜೆ ತೆಗೆಯುವುದು. ಮನೆಗೆ ಬೀಗ ಹಾಕಿ ತೆಗೆಯುವುದಿಲ್ಲವೇ, ಹಾಗೆ.

ಪರ್ಸಿನಲ್ಲಿ ಬಾಚಣಿಗೆಯ ಪಕ್ಕ ಪಿನ್ನು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡು, ಅವಳು ಗೇರು ಹಾಕಿದಳು.