ಏಳನೇ ಪೆಟ್ಟಿಗೆಯ ಹಾಜರಿ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ, ವಿಮಾನಕ್ಕೆ ಗುಲಾಬಿ ಹೂ ಕಳಿಸುವ ಗೋದಾಮೊಂದಿತ್ತು; ಅಲ್ಲಿ ಕೊಂಡಪ್ಪನಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ. ಕರೆಂಟಿನ ಕೆಲಸಕ್ಕೆ ಕಾಂಟ್ರಾಕ್ಟಿನ ಮೇಲೆ ಸೇರಿದ್ದ, ವಯಸ್ಸು ಐವತ್ತೇಳು. ಅದಕ್ಕೆ ಮೊದಲು ಊರ ಕೆರೆಯ ನೀರುಗಂಟಿ. ತೂಬಿನಿಂದ ತೂಬಿಗೆ ತಿರುಗಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ವಿಮಾನ ನಿಲ್ದಾಣ ಬಂದು ಕೆರೆಯ ಕೆಳಗೆಲ್ಲ ಕಾಂಪೌಂಡು ಎದ್ದ ಮೇಲೆ ನೀರು ಬಿಡಲು ಗದ್ದೆಯೇ ಉಳಿಯಲಿಲ್ಲ. ಮಾತು ಮಾತ್ರ ಉಳಿದುಕೊಂಡಿತು.

ಅದನ್ನು ದಿನಾ ಕೇಳುವ ಪುಣ್ಯ ಆಶಾರಾಣಿಯದು. ಅನುಗೊಂಡನಹಳ್ಳಿಯ ಈಕೆ ಗೋದಾಮಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. ಎರಡು ವರ್ಷ ತಾತ್ಕಾಲಿಕವಾಗಿ ದುಡಿದು, ಕಾಯಂ ಆಗುವವರ ಪಟ್ಟಿಗೆ ಆ ತಿಂಗಳಷ್ಟೇ ಅವಳ ಹೆಸರು ಸೇರಿತ್ತು.

ಕಟ್ಟಡದಲ್ಲಿ ವೈರುಗಳೆಲ್ಲ ಬಂದು ಸೇರುವ ಹನ್ನೊಂದು ಪೆಟ್ಟಿಗೆಗಳಿದ್ದವು. ಮೇಲಿನ ಕೋಣೆಯ ಕಂಪ್ಯೂಟರೊಂದು ಐದು ನಿಮಿಷಕ್ಕೊಮ್ಮೆ ಒಂದೊಂದು ಪೆಟ್ಟಿಗೆಯನ್ನೂ ಕರೆದು ಕೇಳುತ್ತಿತ್ತು: ಇದ್ದೀಯಾ? ನಿನ್ನ ಯಾವ ಕಿಂಡಿಯಲ್ಲಿ ಯಾವ ಯಂತ್ರ ಕೂತಿದೆ? ಪೆಟ್ಟಿಗೆ ಉತ್ತರ ಒಪ್ಪಿಸಬೇಕು. ಗುರುತಿನ ಯಂತ್ರಕ್ಕೆ ನೆಟ್‌ವರ್ಕಿನ ಒಳಗೆ ಜಾಗ, ಗುರುತಿಲ್ಲದ್ದಕ್ಕೆ ಬಾಗಿಲು ಬಂದ್. ಕೊಂಡಪ್ಪ ಆ ಕಂಪ್ಯೂಟರಿಗೆ ಹಾಜರಿ ಮೇಷ್ಟ್ರು ಎಂದು ಹೆಸರಿಟ್ಟಿದ್ದ. ಆಶಾರಾಣಿಯ ಬಾಯಿಗೂ ಅದೇ ಬಂದುಬಿಟ್ಟಿತ್ತು.

ಮೇಷ್ಟ್ರಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸತತ ಮೂರು ಸಲ ಕರೆದರೂ ಪೆಟ್ಟಿಗೆ ಓಗೊಡದಿದ್ದರೆ, ಯಾರೋ ಅದಕ್ಕೆ ಕೈಹಾಕಿದ್ದಾರೆ ಎಂದುಕೊಂಡು ಅದಕ್ಕೆ ಸೇರಿದ ಯಂತ್ರಗಳನ್ನೆಲ್ಲ ಹೊರಗೆ ಹಾಕುವುದು. ಮತ್ತೆ ಒಳಗೆ ಬಿಡಬೇಕಾದರೆ ಒಂದೊಂದನ್ನೂ ಮನುಷ್ಯರೇ ನೋಡಿ ಒಪ್ಪಬೇಕು. ಇದನ್ನು ಬರೆದವಳು ಆಶಾರಾಣಿ. ಬರೆದ ದಿನ ಹೆಮ್ಮೆಯಿಂದ ಕೊಂಡಪ್ಪನಿಗೆ ವಿವರಿಸಿದರೆ, ಆಸಾಮಿಗೆ ಹಿಡಿಸಲೇ ಇಲ್ಲ.

“ತೂಬಲ್ಲಿ ನೀರಿನ ಸದ್ದು ಬರ್ಲಿಲ್ಲ ಅಂದ್ರೆ ನಾವು ತೂಬು ಮುಚ್ತಿರ್ಲಿಲ್ಲ ಕಣಮ್ಮಣ್ಣಿ,” ಎಂದಿದ್ದ. “ಏನಾಗೈತೆ ಅಂತ ಹೋಗಿ ನೋಡ್ತಿದ್ವಿ.”

ಹಳೇ ಕಾಲದ ಮಾತು ಎಂದು ಅವಳು ನಕ್ಕಿದ್ದಳು.

ಆಯುಧಪೂಜೆಯ ದಿನ ಬಂತು. ತಳ್ಳುಗಾಡಿಯಿಂದ ಹಿಡಿದು ತೂಕದ ಯಂತ್ರದವರೆಗೆ ಎಲ್ಲಕ್ಕೂ ಸ್ನಾನ, ವಿಭೂತಿ, ಚೆಂಡುಹೂವಿನ ಮಾಲೆ. ಲಾರಿಗಳಿಗೆ ಗುಲಾಬಿ ಡಬ್ಬ ತುಂಬುವ ಜಾಗದಲ್ಲಿದ್ದ ಏಳನೇ ಪೆಟ್ಟಿಗೆ ಮಾತ್ರ ದೂಳು ಮೆತ್ತಿಕೊಂಡು ಕೂತಿತ್ತು. ದೂಳಿನ ಮೇಲೆ ಕುಂಕುಮ ಇಟ್ಟರೆ ಯಾವ ದೇವರು ಒಪ್ಪುತ್ತಾನೆ ಎಂಬುದು ಕೊಂಡಪ್ಪನ ವಾದ. ಆರಿಸಿ ಒರೆಸಲಾ ಎಂದು ಕೇಳಿದ. ಹೂ ಕಟ್ಟುತ್ತಿದ್ದ ಆಶಾರಾಣಿ ಒರೆಸಿ ಎಂದಳು.

ಹಾಗೆ ಆರಿಸುವ ಮೊದಲು ಈ ಪೆಟ್ಟಿಗೆಗೆ ಇವತ್ತು ರಜೆ ಎಂದು ಮೇಷ್ಟ್ರಿಗೆ ತಿಳಿಸಬೇಕು. ಪರದೆಯ ಮೇಲೆ ಒಂದು ಗುರುತು ಹಾಕಿದರೆ ಮುಗಿಯಿತು. ಹೂ ಕಟ್ಟಿ ಮೇಲೆ ಹೋದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಪುರಿ ಹಂಚಲು ಕರೆದರು. ಮರೆತೇಬಿಟ್ಟಳು.

ಕೊಂಡಪ್ಪನದು ಅಚ್ಚುಕಟ್ಟು ಕೆಲಸ. ಬಿಚ್ಚುವ ಮೊದಲು ಒಂದೊಂದು ವೈರಿಗೂ ಅದರ ಕಿಂಡಿಗೂ ಒಂದೇ ಬಣ್ಣದ ದಾರ ಕಟ್ಟಿದ. ಇಪ್ಪತ್ತೈದು ನಿಮಿಷ ಒರೆಸಿ, ಎಲ್ಲವನ್ನೂ ಮೊದಲಿನ ಹಾಗೇ ಸೇರಿಸಿ, ಕುಂಕುಮವಿಟ್ಟು ಕೈಮುಗಿದ. ಅಷ್ಟು ಹೊತ್ತಿಗೆ ಮೇಷ್ಟ್ರು ಐದು ಸಲ ಕರೆದು, ಮುನಿಸಿಕೊಂಡು, ಅದರ ಯಂತ್ರಗಳನ್ನೆಲ್ಲ ಹೊರಗೆ ಹಾಕಿಯಾಗಿತ್ತು. ಲಾರಿಗಳು ಬಂದು ನಿಂತಾಗ ತೂಕದ ಯಂತ್ರವಿಲ್ಲ, ಚೀಟಿ ಅಚ್ಚಾಗುವುದಿಲ್ಲ. ಆಶಾರಾಣಿ ಓಡಿ ಹೋಗಿ ಒಂದೊಂದೇ ಯಂತ್ರವನ್ನು ಒಳಗೆ ಬಿಡುವಷ್ಟರಲ್ಲಿ ಮಧ್ಯಾಹ್ನದ ವಿಮಾನ ಹೋಗಿತ್ತು. ತೊಂಬತ್ತು ಡಬ್ಬ ಗುಲಾಬಿ ಮತ್ತೆ ಶೀತಲ ಕೋಣೆ ಸೇರಿದವು.

ವ್ಯವಸ್ಥಾಪಕ ಜಯಕುಮಾರ್ ಕೆಟ್ಟವನಲ್ಲ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಕೊಂಡಪ್ಪ ವೈರು ಕಿತ್ತನಂತೆ ಎಂದು ಯಾರೋ ಹೇಳಿದ್ದೇ ತಡ, ನಾಳೆಯಿಂದ ಬೇರೆ ಆಳು ಕಳಿಸಿ ಎಂದು ಕಾಂಟ್ರಾಕ್ಟರಿಗೆ ಫೋನು ಮಾಡಿಬಿಟ್ಟಿದ್ದ. ಆಮೇಲೆ ಇಬ್ಬರನ್ನೂ ಕೋಣೆಗೆ ಕರೆಸಿದ.

ಯಾರು ಆರಿಸೋಕೆ ಹೇಳಿದ್ದು ಎಂದು ಕೊಂಡಪ್ಪನನ್ನು ಕೇಳಿದ. ಕೊಂಡಪ್ಪ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಅದರ ಅಂಚು ನೋಡಿದ. ಜಯಕುಮಾರ್ ಮತ್ತೊಂದು ಸಲ ಕೇಳಿದ. ದನಿ ಏರಿಸಿ ಮೂರನೇ ಸಲವೂ ಕೇಳಿದ.

ಆಶಾರಾಣಿಗೆ ಅರ್ಥವಾಯಿತು. ಕಾಯಂ ಪಟ್ಟಿಯ ವಿಷಯ ಕೊಂಡಪ್ಪನಿಗೂ ಗೊತ್ತು, ಅದಕ್ಕೇ ಸುಮ್ಮನಿದ್ದಾನೆ. ಅವಳೂ ಸುಮ್ಮನಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ಹಾಗೆ ಮುಗಿಯಲಿ ಎಂದು ಒಂದು ಗಳಿಗೆ ಆಸೆಪಟ್ಟಿದ್ದೂ ನಿಜ. ಜಯಕುಮಾರ್ ಕೊಂಡಪ್ಪನ ಗೇಟ್ ಪಾಸಿಗಾಗಿ ಕೈಚಾಚಿದ.

“ಆರಿಸೋಕೆ ಹೇಳಿದ್ದು ನಾನು ಸಾರ್,” ಎಂದಳು. “ಗುರುತು ಹಾಕೋದು ಮರ್ತಿದ್ದೂ ನಾನೇ. ಕೊಂಡಪ್ಪಣ್ಣ ಒಂದು ವೈರೂ ಹೆಚ್ಚುಕಮ್ಮಿ ಮಾಡಿಲ್ಲ.”

ಮೇಲಿನ ಕೋಣೆಯಿಂದ ಪೂಜೆಗೆ ಮೊದಲಿನ ಹಾಜರಿಯನ್ನೂ ಪೂಜೆಯ ನಂತರದ್ದನ್ನೂ ಅಚ್ಚು ಮಾಡಿ ತಂದು ಮೇಜಿನ ಮೇಲಿಟ್ಟಳು. ಎರಡೂ ಒಂದೇ ಆಗಿದ್ದವು, ಕಿಂಡಿಗೆ ಕಿಂಡಿ. ಜಯಕುಮಾರ್ ಸಾಲಿಗೆ ಸಾಲು ಬೆರಳಿಟ್ಟು ನೋಡಿದ. ಬೇರೆ ಆಳು ಬೇಡ ಎಂದು ಕಾಂಟ್ರಾಕ್ಟರಿಗೆ ಹೇಳಿದ. ಪಟ್ಟಿಯಲ್ಲಿ ಅವಳ ಹೆಸರು ಮುಂದಿನ ವರ್ಷ ನೋಡೋಣ ಎಂದೂ ಹೇಳಿದ, ಕೋಪವಿಲ್ಲದೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಳು ಆಶಾರಾಣಿ. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು.

ಹಬ್ಬ ಕಳೆದು ಬಂದವಳು ಮೊದಲು ಮಾಡಿದ್ದು ನಿಯಮ ಬದಲಾಯಿಸುವುದು. ಮೂರು ಸಲ ಓಗೊಡದ ಪೆಟ್ಟಿಗೆಯ ಹತ್ತಿರ ಇನ್ನುಮುಂದೆ ಮೊದಲು ಒಬ್ಬ ಮನುಷ್ಯ ಹೋಗಿ ನೋಡಬೇಕು, ಬಾಗಿಲು ಮುಚ್ಚುವ ಮಾತು ಆಮೇಲೆ. ಯಾರ ಫೋನಿಗೆ ಸುದ್ದಿ ಹೋಗಬೇಕು ಎಂಬ ಕಡೆ ಕೊಂಡಪ್ಪನ ನಂಬರು ಹಾಕಿದಳು. ಪರೀಕ್ಷೆಗೆಂದು ಏಳನೇ ಪೆಟ್ಟಿಗೆಯ ಕರೆಂಟು ಆರಿಸಿದಳು; ಮೇಷ್ಟ್ರು ಮೂರು ಸಲ ಕರೆದು ಮುಗಿಸಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಅವನ ಜೇಬು ಗುಂಯ್‌ಗುಟ್ಟಿತು. ಟವೆಲ್ ಕೊಡವಿ ಎದ್ದ.

ಅವನು ಬಾಗಿಲು ದಾಟುವ ಮೊದಲು ಅವಳು ಕೇಳಿಯೇಬಿಟ್ಟಳು, ಅವತ್ತು ಮೂರು ಸಲ ಕೇಳಿದರೂ ಯಾಕೆ ಬಾಯಿ ಬಿಡಲಿಲ್ಲ ಎಂದು.

“ನಾನ್ಯಾಕೆ ಹೇಳ್ಬೇಕಿತ್ತು?” ಎಂದ ಕೊಂಡಪ್ಪ. “ಹೇಳೋಳು ನೀನು ಅಲ್ಲೇ ನಿಂತಿದ್ಯಲ್ಲಮ್ಮಣ್ಣಿ.”

ಅಷ್ಟು ಹೇಳಿ ಏಳನೇ ಪೆಟ್ಟಿಗೆಗೆ ಏನಾಗಿದೆ ಎಂದು ನೋಡಲು ಹೋದ.