ಕಣಗಿಲೆಯ ಬುಡದ ಮಣ್ಣು

ಕರ್ ಎಂದಿತು, ನಿಂತಿತು, ಮತ್ತೆ ಕರ್ — ಇಲಿಯಾದರೆ ಇಷ್ಟು ನಿಧಾನ ಇರುವುದಿಲ್ಲ, ಕಬ್ಬಿಣ ಮಣ್ಣನ್ನು ಕೆರೆಯುವ ಸದ್ದು, ಹಿತ್ತಲಿನಿಂದ ಬರುತ್ತಿದೆ, ನಮ್ಮ ಹಿತ್ತಲೋ ಪಕ್ಕದ ಮನೆಯ ಮರಾಠಿ ಕಾಕೂದೋ ಹೇಳಲಾಗುವುದಿಲ್ಲ, ಈ ಸಾಲಿನ ಮನೆಗಳೆಲ್ಲ ಒಂದರ ಹೆಗಲಿಗೊಂದು ಆತು ನಿಂತಿವೆ, ಎರಡು ಮನೆಗೆ ಒಂದೇ ಗೋಡೆ, ಅವರು ಒಗ್ಗರಣೆ ಹಾಕಿದರೆ ಸೀನುವವರು ನಾವು. ಸಂಸ್ಥಾನದ ಕಾಲದ ಮನೆಗಳು, ಮುಂದೆ ಅಂಗಡಿ, ನಡುವೆ ಕತ್ತಲು, ಹಿಂದೆ ಓಣಿಯಂತೆ ಉದ್ದಕ್ಕೆ ಚಾಚಿಕೊಂಡ ತೋಟ, ಗಣಪತಿ ಪೇಟೆಯ ಗದ್ದಲದಲ್ಲಿ ನಿಂತವರಿಗೆ ಒಳಗೆ ಹೀಗೊಂದು ಬಾವಿ, ಪತ್ರಿ ಗಿಡ, ಕೆಂಪು ಕಣಗಿಲೆ ಇದೆ ಎಂದರೆ ನಂಬುವುದಿಲ್ಲ. ಮಧ್ಯಾಹ್ನ ಅಂಗಡಿಗಳ ಷಟರ್ ಇಳಿದ ಮೇಲೆ ಮಾತ್ರ ಇಂಥ ಸಣ್ಣ ಸದ್ದು ಕೇಳುತ್ತದೆ, ಉಳಿದ ಹೊತ್ತು ಹಮಾಲರ ಕೂಗು, ಟೆಂಪೋ ಹಾರ್ನು, ಬೆಲ್ಲದ ಪೆಂಟಿ ಇಳಿಸುವ ದಬದಬ. ಮಹಡಿಯ ಬರಿನೆಲಕ್ಕೆ ಬೆನ್ನು ಕೊಟ್ಟು ಮಲಗಿದ್ದೇನೆ, ಕಣ್ಣು ಮುಚ್ಚಿದ್ದೇನೆ, ಕಿವಿ ಮುಚ್ಚಲಾಗುವುದಿಲ್ಲ. ಇವರು, ನನ್ನ ಗಂಡ, ಕೆಳಗೆ ಅಂಗಡಿಯಲ್ಲಿ ಅರಿಸಿನದ ಚೀಲಗಳ ನಡುವೆ ಗೊರಕೆ ಹೊಡೆಯುತ್ತಿರಬೇಕು, ಹಾಗಾದರೆ ಹಿತ್ತಲಲ್ಲಿರುವವರು ಅತ್ತೆ, ಊಟದ ತಾಟು ಹಿಡಿದು ಹಿಂದಿನ ಕಟ್ಟೆಗೆ ಹೋದವರು. ಇಲ್ಲೆ ಗಾಳಿ ಬರತೈತಿ, ಇಲ್ಲೇ ಉಂಡಕೋತೇನಿ, ನೀ ಮಲಕೋ ಹೋಗು, ಎನ್ನುತ್ತಾರೆ. ಮೊನ್ನೆಯಿಂದ ಹೀಗೆ. ಅಲ್ಲಿಯವರೆಗೆ ಒಲೆಯೆದುರೇ ಮಣೆ ಹಾಕಿಕೊಂಡು, ರೊಟ್ಟಿ ತವೆಯಿಂದ ನೇರ ತಾಟಿಗೆ ಬೀಳಬೇಕೆಂದು ಹಟ ಹಿಡಿಯುತ್ತಿದ್ದವರು ಈಗ ಕಟ್ಟೆಗೆ ಹೋಗುತ್ತಾರೆ, ಮತ್ತೆ ತಾಟನ್ನು ತೊಳೆದು ತರುತ್ತಾರೆ — ತೊಳೆದು. ನಮ್ಮತ್ತೆ ಸುನಂದಾಬಾಯಿಯವರು ಒಂದು ಚಮಚ ತೊಳೆದದ್ದನ್ನು ಈ ಮನೆಯ ಸೊಸೆಯಾಗಿ ನಾನು ನೋಡಿಲ್ಲ. ನಿನ್ನೆ ತಾಟು ಫಳಫಳ ಹೊಳೆಯುತ್ತಿತ್ತು, ಅದನ್ನು ಹಿಡಿದ ಬೆರಳುಗಳ ಉಗುರಿನಲ್ಲಿ ಮಣ್ಣಿತ್ತು.

ಎದ್ದು ಕಿಟಕಿಯ ಸರಳಿಗೆ ಮುಖವಿಟ್ಟೆ, ಹೌದು, ಅತ್ತೆಯೇ, ಕಣಗಿಲೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ, ಕೈಯಲ್ಲಿ ಕಳೆ ಕೀಳುವ ಖುರ್ಪಿ, ಬೆನ್ನು ನನ್ನ ಕಡೆಗೆ, ಏನನ್ನೋ ಹೂಳುತ್ತಿದ್ದಾರೋ ತೆಗೆಯುತ್ತಿದ್ದಾರೋ ಸೆರಗು ಅಡ್ಡ ಬಂದು ಕಾಣುವುದಿಲ್ಲ. ಕಣಗಿಲೆ ವಿಷದ ಗಿಡ. ಭಾನುವಾರ ಕುಪವಾಡದಿಂದ ರೂಪಾಲಿ ಬಂದಿದ್ದಳು, ಮೈದುನ ನೀಲೇಶನ ಹೆಂಡತಿ, ಅತ್ತೆಯ ಮುದ್ದಿನ ಸೊಸೆ, ಇಬ್ಬರೂ ಇದೇ ಕಟ್ಟೆಯ ಮೇಲೆ ಮರಾಠಿಯಲ್ಲಿ ಪಿಸುಗುಡುತ್ತಿದ್ದವರು ನಾನು ಚಹಾ ತಂದ ಕೂಡಲೇ ಕನ್ನಡಕ್ಕೆ ಬಂದರು, ಮರಾಠಿ ನನಗೆ ಬರುವುದಿಲ್ಲವೇ, ಬದಲಾದದ್ದು ಭಾಷೆಯಲ್ಲ, ವಿಷಯ. ಅತ್ತೀ ಭಾಳ ಸೊರಗ್ಯಾರಲ್ಲ ಅಕ್ಕಾ, ಹೊಟ್ಟಿಗೆ ಸರಿಯಾಗಿ ಹಾಕ್ತೀರೋ ಇಲ್ಲೋ, ಎಂದು ರೂಪಾಲಿ ನಕ್ಕಳು, ಅತ್ತೆ ನಗಲಿಲ್ಲ, ನಕ್ಕಿದ್ದರೆ ಅದು ತಮಾಷೆಯಾಗುತ್ತಿತ್ತು. ಜೊತೆಗೆ ಬಂದಿದ್ದ ನೀಲೇಶ ಮೊಬೈಲು ಹಿಡಿದು ಕಂಬದ ಕೆತ್ತನೆ, ಬಾವಿಯ ರಾಟೆ, ಮಹಾಪೂರದ ನೀರು ನಿಂತ ಗೋಡೆಯ ಗೆರೆ, ಎಲ್ಲದರ ಫೋಟೋ ತೆಗೆದ, ಇಂಥಾ ಹಳೇ ಮನ್ಯಾಗ ಒಂದ್ ರಾತ್ರಿ ಮಲಗಾಕ ಪುಣೆ ಮಂದಿ ರೊಕ್ಕಾ ಕೊಟ್ಟು ಹಾದಿ ಕಾಯ್ತಾರ, ಅಂದ. ಮನೆ ಅತ್ತೆಯ ಹೆಸರಿನಲ್ಲಿದೆ, ನಾವು ಇರುವುದು ಅವರ ಮನಸ್ಸಿನಲ್ಲಿ ಜಾಗ ಇರುವ ತನಕ. ಮತ್ತೆ ಇದು ಯಾಕೆ ಕಣ್ಣ ಮುಂದೆ ಬರುತ್ತದೆ — ಬೆಳಿಗ್ಗೆ ದೇವರ ಕೋಣೆಯ ಬಾಗಿಲ ಸಂದಿನಲ್ಲಿ ಕಂಡ ಅತ್ತೆಯ ಎಡ ಅಂಗೈ, ಚಾಚಿದ್ದು, ಮೇಲೆ ವಿಭೂತಿಯ ಮೂರು ಗೆರೆ, ಒಂದು ಪತ್ರಿಯ ಎಲೆ, ಬೇರೇನೂ ಇಲ್ಲ. ಪೂಜೆ ಮುಗಿಸಿ ಇಷ್ಟಲಿಂಗವನ್ನು ಕೊರಳಿನ ಕರಡಿಗೆಗೆ ಸೇರಿಸಿರಬೇಕು ಎಂದುಕೊಂಡು ಹಾಲು ಉಕ್ಕುತ್ತದೆಂದು ಓಡಿದ್ದೆ. ಕೆಳಗೆ ಸದ್ದು ನಿಂತಿದೆ. ಅತ್ತೆ ಬಾವಿಯ ಬಳಿ ತಾಟು ತೊಳೆದರು, ಏಳುವಾಗ ರಾಟೆಯ ಕಂಬ ಹಿಡಿದುಕೊಂಡರು, ಸ್ವಲ್ಪ ಹೊತ್ತು ಹಾಗೇ ನಿಂತರು, ಕಟ್ಟೆಗೆ ಬಂದು ಗೋಡೆಗೆ ಒರಗಿದರು, ಕತ್ತು ವಾಲಿತು, ನಿದ್ದೆ.

ಬರಿಗಾಲಲ್ಲಿ ಇಳಿದೆ, ನಾಲ್ಕನೆಯ ಮೆಟ್ಟಿಲು ಕಿರುಗುಟ್ಟುತ್ತದೆಂದು ಗೊತ್ತು, ಅದನ್ನು ದಾಟಿ ಇಳಿದೆ, ನನ್ನ ಮನೆಯಲ್ಲಿ ನಾನೇ ಕಳ್ಳಿಯಂತೆ, ಖುರ್ಪಿ ಮುಟ್ಟಿದರೆ ಸದ್ದಾಗುತ್ತದೆ ಎಂದು ಬೆರಳಿನಿಂದಲೇ ಕೆದರಿದೆ. ಮಣ್ಣು ಸಡಿಲವಿತ್ತು, ಮಹಾಪೂರ ಬಂದಾಗ ಕೃಷ್ಣೆ ಬಿಟ್ಟುಹೋದ ಕಪ್ಪು ಮಣ್ಣು, ಮೊದಲು ಇರುವೆ, ಆಮೇಲೆ ಮೆತ್ತಗೆ ಏನೋ, ರೊಟ್ಟಿ. ನಾನು ಬಡಿದ ರೊಟ್ಟಿ. ಇಂದಿನದು, ಮಡಚಿದ್ದು, ಒಳಗೆ ಬದನೆಕಾಯಿ ಎಣ್ಣೆಗಾಯಿ ಹಾಗೇ ಇದೆ, ಅದರ ಕೆಳಗೆ ನಿನ್ನೆಯದು, ಹುಳಿ ವಾಸನೆ. ಒಂದು ತುತ್ತೂ ಮುರಿದಿಲ್ಲ. ಹಾಗಾದರೆ ಇದು, ಹಾಗಾದರೆ ನನ್ನ ಕೈಯ ಅನ್ನದಲ್ಲಿ ಏನೋ ಇದೆ ಎಂದು ಅತ್ತೆಗೆ ಅನ್ನಿಸಿದೆ, ರೂಪಾಲಿ ತಲೆಗೆ ತುಂಬಿದ್ದಾಳೆ, ಹೋದ ತಿಂಗಳು ಹೊಟ್ಟೆ ಕೆಟ್ಟಾಗ ಪಲ್ಲೆದಾಗ ಏನ್ ಹಾಕಿದ್ದಿ ಅಂತ ಕೇಳಿದ್ದು ಸುಮ್ಮನೆ ಕೇಳಿದ್ದಲ್ಲ, ಹೂಳುವುದಕ್ಕೂ ಕಣಗಿಲೆಯ ಬುಡವನ್ನೇ ಹುಡುಕಿದ್ದಾರೆ, ನಾಳೆ ಅತ್ತೆ ತಲೆಸುತ್ತಿ ಬಾವಿಕಟ್ಟೆಯ ಮೇಲೆ ಬಿದ್ದರೆ ಪೇಟೆ ಪೂರ್ತಿ ಏನನ್ನುತ್ತದೆ, ಸೊಸೆ ಉಪವಾಸ ಕೆಡವಿದಳು, ಅಥವಾ ಅದಕ್ಕಿಂತ ಹೆಚ್ಚಿನದು. ಸುಮನ, ಸಾಸೂಬಾಯಿ ಜೇವಲ್ಯಾ ಕಾ? ತಲೆಯೆತ್ತಿದರೆ ಪಕ್ಕದ ಮಾಳಿಗೆಯ ಗಚ್ಚಿಯ ಮೇಲೆ ಕಾಕೂ, ಹಪ್ಪಳ ತಿರುವಿಹಾಕುತ್ತ, ಅತ್ತೆ ಉಂಡರೇ ಎಂದು ಕೇಳುತ್ತಾಳೆ, ಇಂದು ಯಾಕೆ ಕೇಳಬೇಕು, ಎಂದೂ ಕೇಳದವಳು. ಹೋ ಕಾಕೂ, ಜೇವಲ್ಯಾ, ಎಂದೆ, ಉಂಡರು ಎಂದೆ, ಕಾಲಿನಿಂದ ಮಣ್ಣು ಸರಿಸಿ ರೊಟ್ಟಿ ಮುಚ್ಚಿದೆ. ಎಬ್ಬಿಸಿ ಕೇಳೇಬಿಡಬೇಕು ಎಂದು ಕಟ್ಟೆಗೆ ಬಂದೆ, ಅತ್ತೀ, ನನ್ನ ಕೈ ಅನ್ನ ನಿಮಗ ಯಾಕ ಬ್ಯಾಡಾತು, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸೆರಗು ಜಾರಿತ್ತು, ಕೊರಳಿನ ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರ ತಿರುಗಣೆ ಮುರಿದಿದೆ, ಕಪ್ಪು ನೂಲು ಸುತ್ತಿದ್ದಾರೆ, ನೂಲು ಸಡಿಲಾಗಿ ಕರಡಿಗೆ ಒಡೆದ ಶೇಂಗಾದಂತೆ ಬಾಯಿಬಿಟ್ಟುಕೊಂಡಿದೆ, ಒಳಗೆ ಬರೀ ಬೆಳ್ಳಿ. ಅಂಗೈ. ಬೆಳಗಿನ ಅಂಗೈ. ಪೂಜೆ ಮುಗಿದಿರಲಿಲ್ಲ, ನಡೆಯುತ್ತಿತ್ತು, ಇಲ್ಲದ ಲಿಂಗಕ್ಕೆ ವಿಭೂತಿ ಹಚ್ಚಿ, ಇಲ್ಲದ ಲಿಂಗಕ್ಕೆ ಪತ್ರಿ ಏರಿಸಿ — ಲಿಂಗಪೂಜೆ ಆಗದೆ ತುತ್ತು ಮುಟ್ಟದ ಹೆಂಗಸು, ಹೆರಿಗೆಯ ಕೋಣೆಯಲ್ಲೂ ಬಿಟ್ಟವರಲ್ಲ, ಹೂವು ಕೊಯ್ಯುವಾಗ ಇಲ್ಲೇ ಎಲ್ಲೋ ಬಿದ್ದಿರಬೇಕು, ಖುರ್ಪಿಯ ಕೆಲಸ ರೊಟ್ಟಿ ಹೂಳುವುದಷ್ಟೇ ಅಲ್ಲ, ಹುಡುಕುವುದೂ.

ಎಬ್ಬಿಸಲಿಲ್ಲ. ಮಠಕ್ಕೆ ಹೋಗಿ ಅಯ್ಯನವರ ಕೈಯಲ್ಲಿ ಇನ್ನೊಂದು ಲಿಂಗ ಕಟ್ಟಿಸಿಕೊಂಡರೆ ಆಯಿತು, ಜನ ಮಾಡುತ್ತಾರೆ, ಆದರೆ ಹೇಳಬೇಕಲ್ಲ, ಬಾಯಿಬಿಟ್ಟು ಕಳೆಯಿತು ಎನ್ನಬೇಕಲ್ಲ, ಹರಿಪುರದ ಸಂಗಮದಲ್ಲಿ ಮೀಯುವಾಗ ಲಿಂಗ ಕಳೆದುಕೊಂಡ ಸಂಬಂಧಿಕಳ ಮನೆಗೆ ಇದೇ ಅತ್ತೆ ನನ್ನನ್ನು ಕರೆದುಕೊಂಡು ಹೋಗಿದ್ದರು, ಅವಳು ಕೊಟ್ಟ ನೀರನ್ನು ಮುಟ್ಟದೆ ಎದ್ದು ಬಂದರು, ಕೊಳ್ಳಾಗ ಲಿಂಗ ಇಲ್ಲದಾಕಿ ಕೈಯಾನ ನೀರ ಹೆಂಗ ಕುಡಿಯೂದು, ಎಂದು ಅವಳಿಗೆ ಕೇಳುವಂತೆ ಅಂದರು. ಆಕೆ ಹೊಸದು ಕಟ್ಟಿಸಿಕೊಂಡ ಮೇಲೂ ಅತ್ತೆ ಅವಳ ಹೆಸರು ಹಿಡಿಯಲಿಲ್ಲ, ಆ ಕಳಕೊಂಡಾಕಿ ಎಂದೇ ಕರೆದರು. ಆ ಮಾತು ಈಗ ಅತ್ತೆಯ ಗಂಟಲಲ್ಲೇ ಸಿಕ್ಕಿಕೊಂಡಿದೆ, ಸತ್ತರೂ ಹೇಳಲಾರರು, ನಿಜವಾಗಿ ಸತ್ತರೂ. ಪತ್ರಿಯ ಬುಡ, ಮಲ್ಲಿಗೆಯ ಬುಡ, ಬಾವಿಯ ಮೋರಿ, ಒಂದೊಂದು ಹಿಡಿ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿದೆ, ಕಲ್ಲು, ಬಸವನಹುಳದ ಚಿಪ್ಪು, ಮಹಾಪೂರ ತಂದ ಯಾರದೋ ಅಂಗಿಯ ಗುಂಡಿ, ನೇರಳೆ ಹಣ್ಣಿನಷ್ಟು ಕರಿಯ ಲಿಂಗ ಈ ಕರಿಯ ಮಣ್ಣಿನಲ್ಲಿ ಎಲ್ಲಿ ಸಿಗಬೇಕು. ಷಟರ್ ಏಳುವ ಹೊತ್ತಾಯಿತು, ಇವರು ಚಹಾ ಎಂದು ಕೂಗುತ್ತಾರೆ. ಮಹಡಿಗೆ ಹೋದೆ, ಕಪಾಟಿನ ಕೆಳಗಿನ ಖಾನೆ, ಪ್ಲಾಸ್ಟಿಕ್ ಡಬ್ಬಿ, ಪಿನ್ನುಗಳು, ಹೇರ್‌ಕ್ಲಿಪ್ಪು, ಅದರಡಿ ಬಿಳಿ ಅರಿವೆಯ ಗಂಟು, ನನ್ನದು. ತವರು ಲಿಂಗನೂರಿನಲ್ಲಿ ನಾನು ಹುಟ್ಟಿ ಕಣ್ಣು ಬಿಡುವ ಮೊದಲೇ ಅಯ್ಯನವರು ಕಟ್ಟಿದ್ದು, ಕೊಲ್ಲಾಪುರದ ಹಾಸ್ಟೆಲಿನಲ್ಲಿ ಗೆಳತಿಯರ ಮುಂದೆ ನಾಚಿ ತೆಗೆದಿಟ್ಟದ್ದು ಹಾಗೇ ಉಳಿಯಿತು, ಕಾಲೇಜ ಕಲ್ತಾರ ದೇವರು ಡಬ್ಬ್ಯಾಗ ಇರ್ತಾನ, ಎಂದು ಅತ್ತೆ ಹಬ್ಬಕ್ಕೊಮ್ಮೆ ಚುಚ್ಚುತ್ತಾರೆ. ಗಂಟು ಬಿಚ್ಚಿದೆ, ಎಷ್ಟೋ ಕಾಲದ ಮೇಲೆ ಅಂಗೈಯಲ್ಲಿಟ್ಟೆ, ಲಿಂಗಕ್ಕೆ ಮೆತ್ತಿದ ಕಪ್ಪು ಕಂಥೆಯ ಬದಿಗೆ ಉಗುರಿನಷ್ಟು ಒಂದು ತಗ್ಗು, ಚಿಕ್ಕಂದಿನಲ್ಲಿ ಹಲ್ಲಿನಿಂದ ಕಚ್ಚಿದ್ದು ಎಂದು ಅವ್ವ ಹೇಳುತ್ತಿದ್ದಳು. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ, ಹುಟ್ಟಿದಾಗ ಬಂದದ್ದು ಮಣ್ಣಿಗೆ ಹೋಗುವಾಗ ಜೊತೆಗೆ ಬರಬೇಕು, ಇದನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ. ಹಳೆಯದಲ್ಲವೇ, ಕಪ್ಪಲ್ಲವೇ, ಮಣ್ಣು ಮೆತ್ತಿದರೆ ಯಾವುದು ಯಾರದು. ಮತ್ತೆ ಹಿತ್ತಲಿಗಿಳಿದು ಕಣಗಿಲೆಯ ಬುಡದಲ್ಲಿ, ರೊಟ್ಟಿ ಇರುವ ಕಡೆಯಿಂದ ಒಂದು ಗೇಣು ಈಚೆಗೆ, ನನ್ನದನ್ನು ಅರ್ಧ ಮುಚ್ಚಿ ಅರ್ಧ ಕಾಣುವಂತೆ ಒತ್ತಿದೆ. ಕಾಕೂ ಗಚ್ಚಿಯ ಮೇಲಿದ್ದಳೇ, ಹಪ್ಪಳವಿತ್ತು, ಕಾಕೂ ಇರಲಿಲ್ಲ, ಇದ್ದಳೋ.

ಸಂಜೆಯ ಪೂಜೆಗೆ ಹೂವು ತರಲು ಅತ್ತೆ ಹಿತ್ತಲಿಗೆ ಹೋದರು. ನಾನು ಜೋಳದ ಹಿಟ್ಟು ನಾದುತ್ತಿದ್ದೆ, ಹೊರಗೆ ಪೇಟೆ ಪೂರ್ತಿ ಎದ್ದು ಕೂಗುತ್ತಿತ್ತು, ಆದರೂ ಕೇಳಿಸಿತು, ಕರ್, ಇನ್ನೊಮ್ಮೆ ಕರ್, ಆಮೇಲೆ ಇಲ್ಲ, ಎಷ್ಟು ಹೊತ್ತು ಇಲ್ಲವೆಂದರೆ ಹಿಟ್ಟು ಬೆರಳಿಗೆ ಒಣಗಿತು. ಬಾವಿಯ ನೀರಿನ ಸದ್ದು. ದೇವರ ಕೋಣೆಯ ಬಾಗಿಲು. ಈ ಸಲ ಸಂದಿನಲ್ಲಿ ನೋಡುವುದಿಲ್ಲ ಎಂದುಕೊಂಡೆ, ನೋಡಿದೆ, ಅತ್ತೆಯ ಎಡ ಅಂಗೈ ತುಂಬಿದೆ, ಬಲಗೈಯ ಹೆಬ್ಬೆರಳು ಅದರ ಸುತ್ತ ತಿರುಗುತ್ತಿದೆ, ತಿರುಗುತ್ತಿದ್ದದ್ದು ಒಂದು ಕಡೆ ನಿಂತಿತು, ಅಲ್ಲೇ ನಿಂತುಕೊಂಡಿತು, ನನ್ನ ಹಲ್ಲಿನ ತಗ್ಗು ಆ ಬದಿಗಿದೆಯೋ ಈ ಬದಿಗೋ ನನಗೆ ತಿಳಿಯಲಿಲ್ಲ, ಮತ್ತೆ ತಿರುಗತೊಡಗಿತು. ಸುಮನ, ರೊಟ್ಟಿ ಐತೇನವಾ, ಹಸಿವ್ಯಾಗೇತಿ. ಒಲೆಯೆದುರು ಮಣೆ ಹಾಕಿಕೊಂಡರು, ತವೆಯಿಂದ ನೇರ ತಾಟಿಗೆ ಹಾಕಿದೆ, ಎರಡನೆಯದನ್ನೂ ಹಾಕಿಸಿಕೊಂಡರು, ಪಲ್ಲೆದಾಗ ಉಪ್ಪು ಕಮ್ಮಿ, ಎಂದರು. ಇವರು ಅಂಗಡಿಯಿಂದ ಇಣುಕಿ, ಅವ್ವ ಇವತ್ತ ಒಳಗ ಕುಂತಾಳಲ್ಲ, ಏನ್ ವಿಶೇಷ, ಎಂದು ಕೇಳಿ ಉತ್ತರ ಕಾಯದೆ ಹೋದರು. ಅತ್ತೆ ಮೊಸರು ಕಲಸುತ್ತ, ತಲೆಯೆತ್ತದೆ, ನಿಂದು ಎಲ್ಲೈತಿ, ಎಂದರು. ಏನ್ರಿ? ನಿನ್ನ ಲಿಂಗ. ಡಬ್ಬ್ಯಾಗ ಐತ್ರಿ, ಎಂದೆ, ರೊಟ್ಟಿ ತಿರುವಿದೆ, ಬೆರಳು ಸುಟ್ಟಿತು. ಹುಂ, ಎಂದರು, ನನ್ನ ಉಗುರುಗಳನ್ನು ನೋಡಿದರು, ಹಿಟ್ಟಿನ ಅಡಿಯಲ್ಲಿ ಕಪ್ಪು ಇನ್ನೂ ಇತ್ತು, ಡಬ್ಬಿ ಯಾರ ಮುಂದೂ ತಗೀಬ್ಯಾಡ, ಎಂದರು. ಅದು ಬೇಡಿಕೆಯೋ, ಹೆದರಿಕೆಯೋ, ಹಬ್ಬಕ್ಕೊಮ್ಮೆ ಚುಚ್ಚುವ ಅದೇ ಮಾತಿನ ಬಾಲವೋ, ಹೆಬ್ಬೆರಳು ನಿಂತದ್ದು ಸುಮ್ಮನೆಯೋ, ಕಾಕೂ ಆ ಹೊತ್ತಿಗೆ ಗಚ್ಚಿಯ ಮೇಲಿದ್ದಳೋ. ಕೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ, ಇವರಿಗೂ ಇಲ್ಲ, ತವರಿನಲ್ಲೂ ಇಲ್ಲ, ಅತ್ತೆಯ ಮುಂದೆಯಂತೂ ಎಂದಿಗೂ ಇಲ್ಲ. ಅವರ ದಿನ ಬಂದಾಗ ಸಮಾಧಿಯಲ್ಲಿ ಕೂರಿಸಿ, ಎಡಗೈಯಲ್ಲಿಟ್ಟು, ಬೆರಳು ಮಡಚಿ, ನನ್ನದನ್ನೇ ಮಣ್ಣಿಗೆ ಕಳಿಸುತ್ತಾರೆ, ಅಳುತ್ತ ನಾನೂ ನಿಂತಿರುತ್ತೇನೆ. ಆಮೇಲೆ ನನ್ನ ದಿನ ಬಂದಾಗ ಯಾರೋ ಕಪಾಟು ತೆಗೆಯುತ್ತಾರೆ, ಡಬ್ಬಿ, ಪಿನ್ನುಗಳನ್ನು ಸರಿಸುತ್ತಾರೆ, ಬಿಳಿ ಅರಿವೆಯನ್ನು ಝಾಡಿಸುತ್ತಾರೆ, ಅಲ್ಲಿ ಸಮಾಧಿಯಲ್ಲಿ ಕೂರಿಸಿದ ನನ್ನ ಅಂಗೈ — ಎಡ ಅಂಗೈ, ಚಾಚಿದ್ದು, ಮೇಲೆ ವಿಭೂತಿಯ ಮೂರು ಗೆರೆ, ಒಂದು ಪತ್ರಿಯ ಎಲೆ, ಬೇರೇನೂ